ಕುಂಕುಮ ಮೆತ್ತಿದ ಅಡಾಪ್ಟರ್

ಹತ್ತಕ್ಕೆ ಆನ್‌ಲೈನ್ ಪರೀಕ್ಷೆ. ಒಂಬತ್ತು ಐವತ್ತಕ್ಕೆ ನನ್ನ ಅಂಗೈಯಗಲದ ಕಂಪ್ಯೂಟರ್ ಮೂರನೇ ಸಲ ಆರಿಹೋಯಿತು.

“ಪಿನ್ ಸರಿಯಾಗೇ ಕೂತಿದೆಯಲ್ಲೇ ಹಂಸಾ,” ಎಂದಳು ಅಮ್ಮ.

“ಪಿನ್ ಕೂತ್ರೆ ಸಾಕಾ? ಕರೆಂಟ್ ಸಾಲ್ಬೇಡ್ವಾ?”

ಅಡಾಪ್ಟರಿಗೆ ಮೆತ್ತಿದ್ದ ಕುಂಕುಮವನ್ನು ಉಗುರಿನಿಂದ ಕೆರೆದೆ. ಕೆಳಗಿದ್ದ ಅಕ್ಷರ ಕಂಡಿತು: ಒಂದು ಆಂಪಿಯರ್! ಇದಕ್ಕೆ ಬೇಕಾದದ್ದು ಮೂರು. ಮೊನ್ನೆ ಆಯುಧಪೂಜೆಗೆ ಮನೆಯ ಚಾರ್ಜರುಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಜೋಡಿಸಿದ್ದು ಅಮ್ಮ. ಇವತ್ತು ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ನನಗೂ ಅಪ್ಪನಿಗೂ ಹಂಚಿದವಳೂ ಅವಳೇ. ದೇವರಮನೆಗೆ ಓಡಿದೆ. ತಟ್ಟೆ ಖಾಲಿ.

ಒಂಬತ್ತು ಐವತ್ತೆಂಟಕ್ಕೆ, ಇಂದಿರಾನಗರದ ಅಂಗಡಿಯಿಂದ ಅಪ್ಪನ ಫೋನ್ ಬಂತು.

“ಹಂಸಾ, ಪೂಜೆ ಮಹಿಮೆ ನೋಡಮ್ಮ! ಈ ಹಳೇ ಫೋನು ಇಷ್ಟು ಬೇಗ ಯಾವತ್ತೂ ಚಾರ್ಜ್ ಆಗಿರ್ಲಿಲ್ಲ!”