ತೋರಿಸಬಾರದ ಒರತೆ

ಕೆರೆಯ ದಂಡೆಯ ಆ ಊರಿಗೆ ಬೆನ್ನಿಗೆ ಚೀಲ ಹಾಕಿಕೊಂಡು ಯಾರೇ ಬರಲಿ, ಮೊದಲು ವಿಚಾರಿಸುತ್ತಿದ್ದದ್ದು ದೊಡ್ಡ ಸೊಸೆಯ ಮನೆಯನ್ನೇ. ಬಂದವರಿಗೆ ಬಾಡಿಗೆಗೆ ಕೊಡುವ ಮಹಡಿಯ ಕೋಣೆಗಳನ್ನು ಅವಳು ಕನ್ನಡಿಯಂತೆ ಇಟ್ಟಿದ್ದಳು. ಯಾರಿಗೆ ಗಟ್ಟಿ ದಿಂಬು ಬೇಕು, ಯಾರು ಬೆಳಿಗ್ಗೆ ಮಾತಾಡಿಸಿದರೆ ಸಿಡುಕುತ್ತಾರೆ ಎಂಬುದನ್ನು ಮುಖ ನೋಡಿಯೇ ಹೇಳುತ್ತಿದ್ದಳು. ಆ ಗುಣ ದೇವರು ಕೊಟ್ಟದ್ದು. ಕೊಡುವಾಗ ಅದೇ ಗಂಟಿನಲ್ಲಿ ಒಂದಿಷ್ಟು ಹೊಟ್ಟೆಕಿಚ್ಚನ್ನೂ ಕಟ್ಟಿಕೊಟ್ಟಿದ್ದ. ಯಾಕೆ ಅಂತ ಅವನನ್ನೇ ಕೇಳಬೇಕು.

ಶಾಲೆಯ ದೊಡ್ಡ ಕೋಣೆಯಲ್ಲಿ ಊರಿನ ಮುಂದಾಳುಗಳಿಗೆ ತರಬೇತಿ ಶುರುವಾಯಿತು. ಪ್ರವಾಸಿಗಳು ಬರಬೇಕು, ಆದರೆ ಅವರು ಬಂದು ಊರು ಕೆಡಬಾರದು. ಅದಕ್ಕೆ ಯೋಜನೆ ಬೇಕು, ಯೋಜನೆ ಮಾಡುವವರು ಊರಿನವರೇ ಆಗಬೇಕು. ಇದು ತರಬೇತಿಯ ತಿರುಳು. ಕೊನೆಯ ದಿನ ಊರವರೆಲ್ಲ ಕೈ ಎತ್ತಿ ಪ್ರವಾಸ ಸಮಿತಿಗೆ ಒಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸುವುದೆಂದೂ ಮಾತಾಗಿತ್ತು. ದೊಡ್ಡವಳು ಮನಸ್ಸಿನಲ್ಲಿ ಆಗಲೇ ಆ ಕುರ್ಚಿಯ ಮೇಲೆ ಕೂತು ಕಾಲು ಚಾಚಿದ್ದಳು. ಒಬ್ಬಳೇ ಹೋಗಲು ಸಂಕೋಚವಾಗಿ ಓರಗಿತ್ತಿಯನ್ನು ಜೊತೆಗೆ ಕರೆದುಕೊಂಡಳು. ಮೈದುನನ ಹೆಂಡತಿ ಮೀನಿನ ಬಲೆ ಹೆಣೆಯುವವಳು, ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವವಳು. ಪಕ್ಕದಲ್ಲಿ ಕೂತು ಚೀಲ ನೋಡಿಕೊಳ್ಳಲಿ, ಅಷ್ಟೇ.

ಚೀಲ ನೋಡಿಕೊಳ್ಳಲು ಬಂದವಳು ಮೊದಲ ದಿನವೇ ಬಾಯಿ ತೆರೆದಳು. ಪ್ರವಾಸಿಗಳು ಬಾರದ ತಿಂಗಳುಗಳಲ್ಲಿ ಊರು ಏನು ಮಾಡಿಕೊಂಡಿರಬೇಕು ಎಂದು ಕೇಳಿದಳು. ತರಬೇತಿಯ ಮೇಡಂ ಸೀಮೆಸುಣ್ಣ ಕೆಳಗಿಟ್ಟು, ಇಂಥ ಪ್ರಶ್ನೆ ಕೇಳುವವರಿಗಾಗಿಯೇ ತಾನು ಇಷ್ಟು ದೂರ ಬಂದದ್ದು ಎಂದರು. ಅಲ್ಲಿಂದ ಮುಂದೆ ದೊಡ್ಡವಳು ಏನು ಹೇಳಿದರೂ ಒಂದು 'ಒಳ್ಳೆಯದು'. ಚಿಕ್ಕವಳು ಹೇಳಿದರೆ, 'ಇನ್ನೊಂದು ಸಲ ಹೇಳಿ, ಎಲ್ಲರೂ ಕೇಳಿಸಿಕೊಳ್ಳಲಿ'.

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ದೊಡ್ಡವಳು ಮನೆಗೆ ಬಂದು ಪಾತ್ರೆ ಕುಕ್ಕಿದಳು. ಗಂಡ ಅಡುಗೆಮನೆಗೆ ಇಣುಕಿ, "ಗ್ಯಾಸ್ ಯಾಕೆ ದಂಡ ಮಾಡ್ತೀಯ? ಆ ಪಾತ್ರೆನ ನಿನ್ನ ಹೊಟ್ಟೆ ಮೇಲಿಟ್ಕೋ, ತಾನೇ ಬೇಯುತ್ತೆ" ಎಂದ. ಅವತ್ತು ಅವನಿಗೆ ಎರಡನೇ ಸಲ ಬಡಿಸುವವರು ಯಾರೂ ಇರಲಿಲ್ಲ.

ಕೊನೆಯ ಪಾಠಕ್ಕೆ ಪ್ರತಿಯೊಬ್ಬರೂ ಒಂದು ನಡಿಗೆಯ ದಾರಿ ಹಾಕಬೇಕಿತ್ತು. ಎಲ್ಲೆಲ್ಲಿ ನಿಲ್ಲುವುದು, ಆ ಜಾಗ ಒಂದು ಸಲಕ್ಕೆ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ, ಎರಡನ್ನೂ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಆಮೇಲೆ ಪಕ್ಕದ ಪಟ್ಟಣದಿಂದ ಜನ ಬಂದು ಆ ದಾರಿಗಳಲ್ಲಿ ನಡೆದು ನೋಡುವರು.

ದೊಡ್ಡವಳು ಓರಗಿತ್ತಿಯ ಹಾಳೆಯನ್ನು ಓರೆಗಣ್ಣಿನಲ್ಲಿ ನೋಡಿದಳು. ಕೆರೆಯ ದಂಡೆ ಇತ್ತು, ಬಲೆ ಹೆಣೆಯುವ ಕೊಟ್ಟಿಗೆ ಇತ್ತು, ಹಕ್ಕಿ ಗೂಡು ಕಟ್ಟುವ ಜೊಂಡು ಇತ್ತು. ಗುಡ್ಡದ ಹಿಂದಿನ ಒರತೆ ಇರಲಿಲ್ಲ.

ಬಂಡೆಗಳ ನಡುವೆ ಸದ್ದಿಲ್ಲದೆ ಜಿನುಗುವ ನೀರು ಅದು. ಅತ್ತೆ ದಿನಾ ಬೆಳಕು ಹರಿಯುವ ಹೊತ್ತಿಗೆ ಅದರ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಅಲ್ಲಿ ಅವರು ದೇವರಲ್ಲಿ ಏನು ಬೇಡುತ್ತಾರೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ಹೊತ್ತಿಗೆ ಆ ಕಡೆ ಯಾರೂ ಕಾಲಿಡುತ್ತಲೂ ಇರಲಿಲ್ಲ. ಯಾರೋ ಹೇಳಿ ಮಾಡಿದ ಕಟ್ಟಳೆಯಲ್ಲ, ಸುಮ್ಮನೆ ಎಲ್ಲರಿಗೂ ಗೊತ್ತಿದ್ದದ್ದು.

ಚಿಕ್ಕವಳು ಮರೆತಿದ್ದಾಳೆ ಎಂದು ದೊಡ್ಡವಳಿಗೆ ಖುಷಿಯಾಯಿತು. ಮರೆತದ್ದಲ್ಲ ಎಂದು ಒಳಗೊಳಗೇ ತಿಳಿದಿತ್ತು. ನೀರು ದೇವರದ್ದು, ಎಲ್ಲರದ್ದು, ಕಾವಲು ನಿಲ್ಲಲು ನಾನ್ಯಾರು ಎಂದುಕೊಂಡಳು. ದೇವರನ್ನೇ ನಡುವೆ ತಂದಮೇಲೆ ಮನಸ್ಸಿಗೆ ಎದುರು ಮಾತು ಉಳಿಯಲಿಲ್ಲ. ತನ್ನ ದಾರಿಯ ಮೊದಲ ನಿಲ್ದಾಣವಾಗಿ ಒರತೆಯನ್ನು ಬರೆದಳು. ಸಮಯ, ಸೂರ್ಯೋದಯ. ಚಿಕ್ಕವಳು ಜೊಂಡಿಗೆ ಆರು ಜನ ಎಂದಿದ್ದಳು. ಇವಳು ಒರತೆಗೆ ಇಪ್ಪತ್ತು ಎಂದಳು.

ನಡೆದು ನೋಡುವ ದಿನ ಬೆಳಕು ಹರಿಯುವಾಗ ಇಪ್ಪತ್ತು ಜನವೂ ಬಂದರು. ಅತ್ತೆ ಕೂತಿದ್ದರು. ಬಂದವರು ಒಳ್ಳೆಯವರೇ, ತುದಿಗಾಲಲ್ಲಿ ನಿಂತು, ಉಸಿರು ಬಿಗಿಹಿಡಿದು, ಫೋನು ಎತ್ತಿ ಫೋಟೋ ತೆಗೆದುಕೊಂಡರು. ಅತ್ತೆ ಕಣ್ಣು ಬಿಟ್ಟು ಸುತ್ತ ನೋಡಿದರು. ಸಿಡುಕಲಿಲ್ಲ. ಏದುಸಿರು ಬಿಡುತ್ತಿದ್ದ ಒಬ್ಬನಿಗೆ ತಾವು ಕೂತಿದ್ದ ಕಲ್ಲನ್ನು ತೋರಿಸಿ, "ತಣ್ಣಗಿದೆ, ಕೂತ್ಕೊಳ್ಳಪ್ಪ" ಎಂದು ಹೇಳಿ, ಸೆರಗು ಹೊದ್ದು ಮನೆಯ ಕಡೆ ಹೊರಟರು. ದೊಡ್ಡವಳನ್ನು ದಾಟಿ ಹೋಗುವಾಗ ಅವಳ ಭುಜದ ಮೇಲೆ ಒಮ್ಮೆ ಕೈ ಇಟ್ಟರು.

ಮಧ್ಯಾಹ್ನ ಶಾಲೆಯಲ್ಲಿ, ನಡೆದು ಬಂದವರೆಲ್ಲರ ಬಾಯಲ್ಲೂ ಒರತೆಯೇ. ಆ ಅಜ್ಜಿ ದಿನಾ ಕೂರುತ್ತಾರಾ, ಹೊತ್ತು ಗೊತ್ತುಮಾಡಬಹುದಾ ಎಂದು ಒಬ್ಬರು ಕೇಳಿದರು. ಚಪ್ಪಾಳೆ ಬಿತ್ತು. ಮೇಡಂ ಮೊದಲ ಬಾರಿ ದೊಡ್ಡವಳ ಕಡೆ ತಿರುಗಿ, ಇನ್ನೊಂದು ಸಲ ಹೇಳಿ ಎಂದರು.

ಮರುದಿನ ಬೆಳಿಗ್ಗೆ ಅತ್ತೆ ಹೊರಗೆ ಹೋಗಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂತಿದ್ದರು. ಲೋಟದ ಸದ್ದಾದಾಗ ಕಣ್ಣು ತೆರೆದು, ಮತ್ತೆ ಮುಚ್ಚಿದರು. ದೊಡ್ಡವಳು ಲೋಟವನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಬಲೆಯ ಕೊಟ್ಟಿಗೆಗೆ ಹೋದಳು.

"ಒರತೆ ಯಾಕೆ ಬಿಟ್ಟೆ ನೀನು?"

ಚಿಕ್ಕವಳು ಬಲೆಯಿಂದ ಕೈ ತೆಗೆಯಲಿಲ್ಲ. "ಬರೀಬೇಕು ಅಂತಾನೇ ಇದ್ದೆ ಅಕ್ಕಾ. ಅಲ್ಲಿ ಎಷ್ಟು ಜನ ಹಿಡಿಸ್ತಾರೆ ಅಂತ ಯೋಚನೆ ಮಾಡಿದೆ. ಒಬ್ಬರೇ ಅನ್ನಿಸ್ತು. ಆ ಒಬ್ಬರು ಆಗಲೇ ಅಲ್ಲಿದ್ದಾರಲ್ಲ."

ಇಷ್ಟು ಚೆನ್ನಾಗಿ ಹೇಳಿದಳಲ್ಲ ಎಂದು ಅದಕ್ಕೂ ದೊಡ್ಡವಳ ಮೈ ಉರಿಯಿತು.

ಸಂಜೆ ಸಭೆಯಲ್ಲಿ, ಜನ ಕೈ ಎತ್ತುವ ಮುಂಚೆ, ಅವಳು ಎದ್ದು ಗೋಡೆಯ ಹತ್ತಿರ ಹೋಗಿ ತನ್ನ ಹಾಳೆಯಲ್ಲಿ ಒರತೆಯ ಮೇಲೆ ದಪ್ಪ ಗೆರೆ ಎಳೆದಳು. ಅದನ್ನು ತೆಗೆದರೆ ಆ ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ ಎಂದು ಮೇಡಂ ಮೆಲ್ಲಗೆ ಎಚ್ಚರಿಸಿದರು.

"ಗೊತ್ತು ಮೇಡಂ. ಅಲ್ಲಿ ಜಾಗ ಇಲ್ಲ."

ಊರಿನ ಕೈಗಳು ಚಿಕ್ಕವಳ ಕಡೆ ಎದ್ದವು. ದೊಡ್ಡವಳ ಕೈ ಮಾತ್ರ ಮಡಿಲಿಗೆ ಅಂಟಿಕೊಂಡಿತ್ತು. ಗಂಡ ಮೊಣಕೈಯಿಂದ ತಿವಿದ ಮೇಲೆ ಭುಜದವರೆಗೆ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಎಣಿಸಿದವರು ದೊಡ್ಡ ಮನಸ್ಸು ಮಾಡಿ ಅದನ್ನೂ ಸೇರಿಸಿಕೊಂಡರು.

ಮನೆಗೆ ಬಂದಾಗ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ದೊಡ್ಡವಳು ಎದುರಿಗೆ ಕೂತು ಒಂದು ತುದಿ ಹಿಡಿದಳು. ಇನ್ನು ಒರತೆಯ ಕಡೆ ಯಾರೂ ಬರುವುದಿಲ್ಲ, ನಾಳೆಯಿಂದ ಮೊದಲಿನ ಹಾಗೇ ಹೋಗಿ ಎಂದು ತಲೆ ತಗ್ಗಿಸಿಕೊಂಡೇ ಹೇಳಿದಳು.

ಅತ್ತೆ ಮಡಿಸಿದ್ದನ್ನು ಪಕ್ಕಕ್ಕಿಟ್ಟರು. "ನಾಳೆ ನೀನೂ ಬಾ."

ಇಷ್ಟು ವರ್ಷದಲ್ಲಿ ಅವರು ಯಾರನ್ನೂ ಹಾಗೆ ಕರೆದಿರಲಿಲ್ಲ. ದೊಡ್ಡವಳ ಕಣ್ಣು ತುಂಬಿಬಂತು. ಸುಮ್ಮನಿರಬೇಕು ಎಂದುಕೊಂಡಳು, ದೇವರಾಣೆ ಅಂದುಕೊಂಡಳು. ಆದರೂ ಬಾಯಿ ತಡೆಯಲಿಲ್ಲ.

"ಅವಳನ್ನೂ ಕರೆದಿದ್ದೀರಾ ಅತ್ತೆ?"

"ಇಲ್ಲ" ಎಂದರು ಅತ್ತೆ, ನಗು ತಡೆದುಕೊಂಡು.

"ಹಾಗಾದ್ರೆ ಬರ್ತೀನಿ."