ಚಿಮಣಿ ಎಣ್ಣೆಯ ಪಾಳಿ

"ಮುಗೀತಂದ್ರ ಹೆಂಗ ಮುಗೀತು ಬೇ? ಮುಂಜಾನಿ ಬಂಡಿ ಬಂದಿದ್ದು ನಾ ಕಣ್ಣಾರೆ ನೋಡೇನಿ!"

ಗೌರಾಬಾಯಿ ಅಂಗಡಿಯ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಸಕ್ಕುಬಾಯಿ ಎರಡು ಕದಗಳ ನಡುವೆ ಕಾಲು ತೂರಿಸಿ ನಿಂತುಬಿಟ್ಟಿದ್ದಳು. ಕೈಯಲ್ಲಿ ಕೊರಳಿಗೆ ಹುರಿ ಕಟ್ಟಿದ ಖಾಲಿ ಸೀಸೆ. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಸೀಸೆ ಹಿಡಿದು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಚೈತ್ರದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು.

"ಬಂಡಿ ಬಂತು ಯಕ್ಕಾ, ಎಣ್ಣಿ ಬರಲಿಲ್ಲ. ಕಾಲು ತೆಗಿ."

"ನಮ್ಮ ಮನ್ಯಾಗ ಹೊತ್ತು ಮುಳುಗಿದ್ರ ಮಗ್ಗ ನಿಂದರತದ. ಔಡಲೆಣ್ಣಿ ದೀಪಕ್ಕ ನೂಲು ಕಾಣಂಗಿಲ್ಲ, ಹೊಗಿ ಕಾಣ್ತದ. ನಿನ್ನ ಗಂಡ ಗಡಿ ದಾಟಿ ಕುಂತಾನ, ನೀ ಇಲ್ಲಿ ಎಣ್ಣಿ ಮ್ಯಾಲ ಕುಂತೀದಿ!"

ಗೌರಾಬಾಯಿ ಬಗ್ಗಿ ಸಕ್ಕುಬಾಯಿಯ ಪಾದವನ್ನು ಕೈಯಿಂದಲೇ ಹಿಂದೆ ಸರಿಸಿ ಕದ ಮುಚ್ಚಿ ಅಗಳಿ ಹಾಕಿದಳು. ಹೊರಗೆ ಬೈಗುಳ ಬಹಳ ಹೊತ್ತು ನಡೆಯಿತು. ಒಳಗೆ ಕತ್ತಲಲ್ಲಿ, ಗೋಣಿತಟ್ಟಿನ ಕೆಳಗೆ, ಬಾಯಿಯವರೆಗೆ ತುಂಬಿದ ನಾಲ್ಕು ಡಬ್ಬಿಗಳಿದ್ದವು.

ಎಣ್ಣೆಯ ಈ ಬರ ಮಳೆ ಹೋಗಿ ಬಂದ ಬರವಲ್ಲ. ದಿಲ್ಲಿಗೂ ಹೈದರಾಬಾದಿನ ನಿಜಾಮನಿಗೂ ಜಗಳ ಹತ್ತಿ ಗಡಿಯಲ್ಲಿ ಸಾಮಾನು ನಿಂತುಹೋಗಿತ್ತು. ಮುಂಬಯಿಯ ಬಂದರಿನಿಂದ ಸೊಲ್ಲಾಪುರಕ್ಕೆ, ಸೊಲ್ಲಾಪುರದಿಂದ ಆಳಂದಕ್ಕೆ ಬರುತ್ತಿದ್ದ ಸೀಮೆಎಣ್ಣೆ ಈಗ ಗಡಿಯಾಚೆಯ ಸುಂಕದ ನಾಕೆಯಲ್ಲೇ ತಿರುಗಿ ಹೋಗುತ್ತಿತ್ತು. ರಾಜ್ಯದಲ್ಲಿ ಯಾವುದಕ್ಕೂ ಕೊರತೆಯಿಲ್ಲವೆಂದು ಹೈದರಾಬಾದಿನ ರೇಡಿಯೋ ದಿನಾ ಹೇಳುತ್ತಿತ್ತು. ತಹಸೀಲು ಕಚೇರಿ ಮಾತ್ರ ಮನೆಗೊಂದು ಸೀಸೆ ಎಂದು ಡಂಗುರ ಹೊಡೆಸಿತು, ಆಮೇಲೆ ಅರ್ಧ ಸೀಸೆ ಎಂದಿತು, ಆಮೇಲೆ ಔಡಲೆಣ್ಣೆ ಉರಿಸಿರಿ ಎಂದಿತು. ಪೆಟ್ರೋಲು ಇಲ್ಲದೆ ಕಲಬುರ್ಗಿಯ ಬಸ್ಸಿನ ಬೆನ್ನಿಗೆ ದೊಡ್ಡ ತಗಡಿನ ಒಲೆ ಕಟ್ಟಿದ್ದರು. ಜೇವರ್ಗಿ ಕಡೆಯಿಂದ ಬರುವ ಜಾಲಿಯ ಇದ್ದಿಲು ಅದಕ್ಕೆ ಮೇವು; ಅದರ ಹೊಗೆಯಿಂದಲೇ ಎಂಜಿನು ಓಡಬೇಕು. ಏರು ಬಂದಲ್ಲಿ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು; ಜನ ಇಳಿದು ನೂಕುತ್ತಿದ್ದರು.

ಆ ಬಸ್ಸು ಹೊಡೆಯುತ್ತಿದ್ದವನು ಗೌರಾಬಾಯಿಯ ಗೋಡೆಗೆ ಗೋಡೆ ಹತ್ತಿದ ಮನೆಯ ಮುದುಕಿ ಶಮ್ಸುನ್ನಿಸಾಳ ಒಬ್ಬನೇ ಮಗ. ಮಾಘ ಮಾಸದಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರು ಬಸ್ಸನ್ನು ತಮ್ಮ ಕೆಲಸಕ್ಕೆಂದು ಒಯ್ದರು. ಬಸ್ಸಿನ ಜೊತೆಗೆ ಡ್ರೈವರನನ್ನೂ ಒಯ್ದರು.

ಗೌರಾಬಾಯಿಯ ಗಂಡ ಧರ್ಮಣ್ಣನೂ ಮನೆಯಲ್ಲಿರಲಿಲ್ಲ. ಹಿಂದಿನ ವರ್ಷ ಹಿಂದುಸ್ಥಾನದ ಬಾವುಟ ಏರಿಸಿದವರ ಜೊತೆಗೆ ಅವನ ಹೆಸರು ಸೇರಿ, ಹಿಡಿಯಲು ಪೊಲೀಸರು ಬಂದಾಗ ಹಿತ್ತಲಿನಿಂದ ಹಾರಿ ಗಡಿಯಾಚೆ ಅಕ್ಕಲಕೋಟೆ ಕಡೆ ನಿಜಾಮನ ವಿರುದ್ಧ ಹೋರಾಡುವವರ ಕ್ಯಾಂಪು ಸೇರಿದ್ದ. ಅಂದಿನಿಂದ ಅಂಗಡಿ ಅವಳದು.

ಈ ದಿನ ಬೆಳಿಗ್ಗೆ ಬಂಡಿ ಕಲಬುರ್ಗಿಯಿಂದ ನಾಲ್ಕು ಡಬ್ಬಿ ತಂದು ಇಳಿಸಿ ಹೋದಮೇಲೆ, ಖಾಕಿ ತೊಟ್ಟ ಇಬ್ಬರು ರಜಾಕಾರರು ಅಂಗಡಿಗೆ ಬಂದಿದ್ದರು. ಎಣ್ಣೆ ಬಂದಿದೆಯೋ ಎಂದು ಕೇಳಿದರು. ಇನ್ನೂ ಇಲ್ಲ ಎಂದಳು. ಬಂದರೆ ಒಂದು ಹನಿಯೂ ಮಾರಬಾರದು, ಸಂಜೆಗೆ ಲಾರಿ ತರುತ್ತೇವೆ ಎಂದರು. ಅಷ್ಟು ಎಣ್ಣೆ ಯಾತಕ್ಕೆ ಎಂದು ಅವಳು ಬಾಯಿ ತಪ್ಪಿ ಕೇಳಿದಳು. ಇಬ್ಬರಲ್ಲಿ ಚಿಕ್ಕವನು ನಕ್ಕ.

"ಗಡಿ ಕಡಿ ಹಳ್ಳಿಗೋಳು ಕ್ಯಾಂಪಿನವರಿಗಿ ರೊಟ್ಟಿ ಕೊಡಾಕತ್ತಾವಂತ. ಅಲ್ಲಿ ಸ್ವಲ್ಪ ಬೆಳಕು ಮಾಡೋದದ."

ಬೆಳಕೆಂದರೆ ಬೆಂಕಿ ಎಂದು ಅವಳಿಗೆ ತಿಳಿಯಿತು. ಈಗ ಹಂಚಿದರೆ ಸಂಜೆ ಮನೆಮನೆ ಹೊಕ್ಕು ಕಸಿಯುತ್ತಾರೆ. ಇಟ್ಟುಕೊಂಡರೆ ಲಾರಿಗೆ ಏರುತ್ತದೆ. ಅವಳು ಒಳಗೂ ಹೊರಗೂ ತಿರುಗಾಡಿದಳು, ಕೂತಳು, ಎದ್ದಳು, ಒಲೆಯ ಮೇಲಿನ ಬೇಳೆ ಹೊತ್ತಿದ್ದು ಮೂಗಿಗೆ ಬಡಿದರೂ ಇಳಿಸಲಿಲ್ಲ.

"ಗೌರಾ."

ಹಿತ್ತಲ ಗೋಡೆಯ ಮೇಲೆ ಶಮ್ಸುನ್ನಿಸಾಳ ಬಿಳಿಯ ತಲೆ ಕಂಡಿತು. "ಅವರು ಮಾತಾಡಿದ್ದು ನನಗೂ ಕೇಳಸೇದ. ಡಬ್ಬಿ ಈ ಕಡಿ ಕೊಡು. ನನ್ನ ಮನಿ ಅವರು ನೋಡಂಗಿಲ್ಲ."

"ನೋಡಿದ್ರ, ಖಾಲಾ?" ಚಿಕ್ಕಮ್ಮನನ್ನು ಕರೆದ ಹಾಗೆ ಗೌರಾಬಾಯಿ ಮುದುಕಿಯನ್ನು ಹಾಗೆಯೇ ಕರೆಯುತ್ತಿದ್ದಳು.

"ನೋಡಿದ್ರ ನೋಡ್ಲಿ. ಮಗನ್ನ ಒಯ್ದಾರ. ಇನ್ನೇನು ಒಯ್ತಾರ?"

ಮಧ್ಯಾಹ್ನ ಓಣಿ ನಾಯಿಗಳೂ ನೆರಳು ಹಿಡಿದು ಮಲಗಿದ್ದಾಗ ಅವರಿಬ್ಬರೂ ಡಬ್ಬಿಗಳನ್ನು ಗೋಡೆ ದಾಟಿಸಿದರು.

ಸಂಜೆ ಲಾರಿ ಬಂತು. ಗೋಣಿತಟ್ಟು ಎಳೆದು ಬಿಸಾಡಿದರು, ನೆಲದಡಿಯ ಜೋಳದ ಹಗೇವಿನ ಬಾಯಿ ತೆರೆಸಿದರು, ಕೋಣೆಯ ಮೂಲೆ ಮೂಲೆಗೆ ಕೋಲು ಹಾಕಿ ನೋಡಿದರು. ಏನೂ ಸಿಗದಿದ್ದಾಗ ಒಬ್ಬ ಹೊರಗೆ ಬಂದು, ಎದುರು ಮನೆಯ ಹೊಸ್ತಿಲಲ್ಲಿ ನಿಂತಿದ್ದ ಸಕ್ಕುಬಾಯಿಯನ್ನು ಕೇಳಿದ:

"ಇವತ್ತು ಬಂಡಿ ಬಂದಿತ್ತೇನು?"

ಸಕ್ಕುಬಾಯಿ ಗೌರಾಬಾಯಿಯ ಮುಖ ನೋಡಿದಳು. ಹಾಗೆಯೇ ಸೀಸೆ ಎತ್ತಿ ತಲೆಕೆಳಗು ಮಾಡಿ ತೋರಿಸಿದಳು.

"ಬಂದಿದ್ರ ಇದು ಯಾಕ ಖಾಲಿ ಇರ್ತಿತ್ತು? ಒಂದ ತಿಂಗಳಾತು ಬಂಡಿ ಮುಖ ನೋಡಿಲ್ಲ."

ಲಾರಿ ಹೋಯಿತು. ಗೌರಾಬಾಯಿ ಓಣಿ ದಾಟಿ ಹೋಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸಕ್ಕುಬಾಯಿ ಒಳಗೆ ಹೋಗಿ ಕದ ಹಾಕಿಕೊಂಡಳು. ಆಮೇಲೆ ಅವಳು ಗೌರಾಬಾಯಿಯ ಜೊತೆ ಮಾತು ಬಿಟ್ಟಳು.

ಅಫಜಲಪುರದ ಕಡೆಗೆ ಹೊರಟ ಬಳೆಗಾರನ ಕೈಯಲ್ಲಿ ಗೌರಾಬಾಯಿ ಗಂಡನಿಗೆ ಮಾತು ಕಳಿಸಿದಳು: ನಾಲ್ಕು ಡಬ್ಬಿ ಉಳಿಸಿದ್ದೇನೆ, ಅವರ ಕೈಗೆ ಸಿಗಲಿಲ್ಲ. ಅದನ್ನು ಹೇಳಿ ಕಳಿಸುವಾಗ ಅವಳಿಗೆ ಹೆಮ್ಮೆಯೇ ಆಗಿತ್ತು. ಬಳೆಗಾರ ತಿರುಗಿ ಬರುವಾಗ ಬೇರೆ ಸುದ್ದಿ ತಂದ. ಧರ್ಮಣ್ಣನ ಕ್ಯಾಂಪಿನ ಗೆಳೆಯ ಬೀರಣ್ಣನ ಹಳ್ಳಿಯನ್ನು ರಜಾಕಾರರು ಸುಟ್ಟಿದ್ದರು. ಎಣ್ಣೆ ಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಒಣಗಿದ ಜೋಳದ ಕಣಿಕೆಯ ಬಣವೆಗೆ ಒಂದು ಕಡ್ಡಿ ಗೀರಿದ್ದೇ ಸಾಕಾಗಿತ್ತು. ಎಲ್ಲರೂ ಹೊಲಕ್ಕೆ ಓಡಿದರು. ಹಾಸಿಗೆ ಹಿಡಿದಿದ್ದ ಬೀರಣ್ಣನ ಅಪ್ಪನಿಗೆ ಓಡಲು ಆಗಲಿಲ್ಲ.

ಆ ಮೇಲೆ ಗೌರಾಬಾಯಿಗೆ ಒಂದು ಕಡೆ ಕೂತಲ್ಲಿ ಕೂರಲಾಗದಂತಾಯಿತು. ಡಬ್ಬಿ ಉಳಿಸಿ ಏನು ಉಳಿಸಿದೆ ಎಂದು ರೊಟ್ಟಿ ಬಡಿಯುವಾಗ ಕೇಳಿಕೊಳ್ಳುವಳು. ಎಣ್ಣೆಯನ್ನು ಹೊರಗೆ ತೆಗೆಯುವಂತಿರಲಿಲ್ಲ; ಒಂದು ಮನೆಯಲ್ಲಿ ಕಂದೀಲು ಬೆಳಗಿದರೂ ರಜಾಕಾರರಿಗೆ ಸುದ್ದಿ ಹೋಗುತ್ತಿತ್ತು. ಮಳೆಗಾಲ ಬಂತು. ಮೋಡ ಕವಿದ ಹಗಲಲ್ಲೇ ಸಕ್ಕುಬಾಯಿಯ ಮಗ್ಗ ಸುಮ್ಮನಾಗುತ್ತಿತ್ತು, ಆ ಸುಮ್ಮನಾದದ್ದು ಗೌರಾಬಾಯಿಗೆ ಗದ್ದಲಕ್ಕಿಂತ ಹೆಚ್ಚು ಕೇಳಿಸುತ್ತಿತ್ತು.

ಭಾದ್ರಪದದಲ್ಲಿ ಹಿಂದುಸ್ಥಾನದ ಸೈನ್ಯ ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಿತು. ಖಾಕಿ ತೊಟ್ಟವರು ಒಂದೇ ರಾತ್ರಿಯಲ್ಲಿ ಊರು ಬಿಟ್ಟರು. ಅವರ ಹಿಂದೆ ಉಳಿದ, ಹೋಗಲು ಜಾಗವಿಲ್ಲದ ಶಮ್ಸುನ್ನಿಸಾಳಂಥವರು ಕದ ಹಾಕಿಕೊಂಡು ಒಳಗೆ ಕೂತರು.

ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಮುಂಜಾನೆ ಧರ್ಮಣ್ಣ ಮನೆಗೆ ಬಂದ. ಗಡ್ಡ ಬೆಳೆದಿತ್ತು, ಕಾಲು ಒಡೆದಿದ್ದವು. ಅವಳು ಬಿಸಿನೀರು ತಂದು ಕಾಲಿಗೆ ಹಾಕಿದಳು. ಅವನು ಕಾಲು ತೊಳೆದುಕೊಳ್ಳುತ್ತ ತಲೆ ಎತ್ತದೆ ಕೇಳಿದ:

"ಎಣ್ಣಿ ಎಲ್ಲಿ ಇಟ್ಟೀದಿ?"

ಅವಳು ಹೊರಗೆ ನೋಡಿದಳು. ಓಣಿಯ ಬೇವಿನ ಮರದ ಕೆಳಗೆ ಹತ್ತಾರು ಗಂಡಸರು, ಅವರ ನಡುವೆ ಎತ್ತರದ, ತಲೆ ಬೋಳಿಸಿಕೊಂಡ ಒಬ್ಬ. ಕೇಳದೆಯೂ ಅವನು ಬೀರಣ್ಣನೆಂದು ಅವಳಿಗೆ ತಿಳಿಯಿತು.

"ಯಾಕ್ರಿ?"

"ಬೀರಣ್ಣಗ ಬೇಕು. ಎಲ್ಲಾ ತೊಯ್ದು ಕುಂತದ, ಕಡ್ಡಿ ಗೀರಿದ್ರ ಹತ್ತಂಗಿಲ್ಲ."

"ಏನು ಹತ್ತಂಗಿಲ್ಲ?"

ಅವನು ಶಮ್ಸುನ್ನಿಸಾಳ ಗೋಡೆಯ ಕಡೆ ಗದ್ದ ಎತ್ತಿದ. "ಆಕಿ ಮಗ ಬಸ್ಸು ಹೊಡದಾನ ಗೌರಾ. ಆ ಬಸ್ಸಿನ್ಯಾಗೇ ಬಂದಿದ್ರು ಅವರು. ಬೀರಣ್ಣನ ಅಪ್ಪ ಹಾಸಗಿ ಮ್ಯಾಲೇ ಸುಟ್ಟು ಹ್ವಾದ. ಕ್ಯಾಂಪಿನ್ಯಾಗ ನನಗ ಜ್ವರಾ ಬಂದಾಗ ತನ್ನ ಕಂಬಳಿ ನನಗ ಹೊಚ್ಚಿ ತಾ ಮಳ್ಯಾಗ ಕುಂತಾಂವ ಆಂವ. ನಾ ಏನಂತ ಬ್ಯಾಡನ್ಲಿ?"

ಅದು ಸುಳ್ಳೆಂದು ಹೇಳಲು ಅವಳಿಗಾಗಲಿಲ್ಲ. ಆ ಹುಡುಗ ಬಸ್ಸನ್ನು ತಾನಾಗಿ ಹೊಡೆದನೋ, ಹೆದರಿಸಿ ಹೊಡೆಸಿದರೋ, ಯಾರಿಗೆ ಗೊತ್ತು.

"ಎಣ್ಣಿ ಆಕಿ ಮನ್ಯಾಗೇ ಅದ," ಎಂದಳು.

ಧರ್ಮಣ್ಣನ ಕೈಯಲ್ಲಿದ್ದ ತಂಬಿಗೆ ನಿಂತಿತು.

"ಆಕೀನೇ ಮುಚ್ಚಿಟ್ಟಾಳ. ಬ್ಯಾಸಗಿಯಿಂದ ಅದರ ಮಗ್ಗಲಾಗ ಮಲಗ್ಯಾಳ. ಸಿಕ್ಕಿದ್ರ ಆಕೀನ ಬಿಡ್ತಿದ್ರೇನು ಅವರು?" ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನೀವು ಯಾರೂ ಒಳಗ ಹೋಗಬ್ಯಾಡ್ರಿ. ನಾ ತರ್ತೇನಿ."

ಅವನು ಎದ್ದು ಮರದ ಕಡೆ ಹೋದ.

ಗೋಡೆಯ ಆಚೆ ಶಮ್ಸುನ್ನಿಸಾ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮರದ ಕೆಳಗಿನ ಮಾತು ಅವಳಿಗೆ ಕೇಳಿಸದಿರುವಷ್ಟು ದೂರವಿರಲಿಲ್ಲ.

"ಒಯ್ಯಾಕ ಬಂದ್ಯಾ?"

"ಹೌದು, ಖಾಲಾ."

ಮುದುಕಿ ಒಂದೊಂದೇ ಡಬ್ಬಿ ಎತ್ತಿ ಕೊಟ್ಟಳು. ಕೊನೆಯದನ್ನು ಕೊಡುವಾಗ, "ಸಾವಕಾಶ ಹಿಡಿ. ಇದರ ಮುಚ್ಚಳ ಸಡಲ ಅದ," ಎಂದಳು.

ಗೌರಾಬಾಯಿ ಡಬ್ಬಿಗಳನ್ನು ಅಂಗಡಿಗೆ ಎಳೆದು ತಂದು, ಓಣಿಯ ಕಡೆಯ ಎರಡೂ ಕದಗಳನ್ನು ಪೂರಾ ತೆರೆದಳು. ಎಣ್ಣೆ ಸುರಿಯುವ ಲಾಳಿಕೆ ಒರೆಸಿದಳು. ಆಮೇಲೆ ಕಟ್ಟೆಯ ಅಂಚಿಗೆ ಬಂದು ನಿಂತು, ತಿಂಗಳುಗಟ್ಟಲೆ ಮಾತಿಲ್ಲದ ಎದುರು ಮನೆಗೆ ಕೂಗಿದಳು:

"ಸಕ್ಕಕ್ಕಾ! ಎಣ್ಣಿ ಬಂದದ! ಸೀಸಾ ತೊಗೊಂಡ ಬಾ, ಎಲ್ಲಾರ್ನೂ ಕರಿ!"

ಓಣಿಯ ಕದಗಳು ಬಡಬಡನೆ ತೆರೆದವು. ಹೆಂಗಸರು ಓಡಿ ಬಂದರು, ಸೀಸೆ ಸಿಗದವರು ತಂಬಿಗೆ ಹಿಡಿದು ಬಂದರು. "ಪಾಳಿ ಈ ಕಡಿ ಹಚ್ಚರಿ," ಎಂದು ಗೌರಾಬಾಯಿ ಶಮ್ಸುನ್ನಿಸಾಳ ಬಾಗಿಲ ಕಡೆ ಕೈ ಮಾಡಿದಳು. ಮಳೆಗೆ ಅಲ್ಲಿ ಮಾಡಿನ ಆಸರೆಯೂ ಇತ್ತು. ಹೆಂಗಸರು ಆ ಮುಚ್ಚಿದ ಕದಕ್ಕೆ ಬೆನ್ನು ಹಚ್ಚಿ ನಿಂತರು.

ಬೀರಣ್ಣ ಕಟ್ಟೆಯ ಬಳಿ ಬಂದ. ಧರ್ಮಣ್ಣ ಅವನ ಹಿಂದೆ.

"ವೈನಿ, ಇದೇನು?"

"ಹಂಚಾಕತ್ತೇನಿ. ಮಂದಿ ಬ್ಯಾಸಗಿಯಿಂದ ಕತ್ತಲ್ದಾಗ ಅದ. ನಿನ್ನ ಮನಿಗಿ ಬೇಕಿದ್ರ ನೀನೂ ಪಾಳ್ಯಾಗ ನಿಂದರು, ಬೀರಣ್ಣ."

"ನನಗ ಮನಿ ಎಲ್ಲದ?"

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಗೌರಾಬಾಯಿ ತಲೆ ಎತ್ತದೆ ಮುಂದಿನ ಸೀಸೆಗೆ ಲಾಳಿಕೆ ಇಟ್ಟಳು. ಅವನು ತಿರುಗಿ ಮರದ ಕೆಳಗೆ ಹೋಗಿ ಕೂತ. ಅವನ ಜೊತೆಯವರು ಯಾರೂ ಎದ್ದು ಹೋಗಲಿಲ್ಲ. "ಸಂಜಿಕ ಮಿಲಿಟ್ರಿ ಊರಾಗ ಬರ್ತದಂತ," ಎಂದು ಅವರಲ್ಲೊಬ್ಬ ಹೇಳಿದ್ದು ಪಾಳಿಯವರಿಗೂ ಕೇಳಿಸಿತು. "ಅಷ್ಟರಾಗ ಆಗಬೇಕು."

ಕಣ್ಣು ಮುಚ್ಚಿ ಸೀಸೆ ತುಂಬಬಲ್ಲವಳು ಗೌರಾಬಾಯಿ. ಈಗ ಅವಳು ಎಣ್ಣೆಯನ್ನು ನೂಲಿನ ಎಳೆಯಷ್ಟು ಸಣ್ಣಗೆ ಬಿಟ್ಟಳು. ಒಂದು ಸೀಸೆ ತುಂಬಿದ ಮೇಲೆ ಲಾಳಿಕೆ ಒರೆಸುವಳು, ಸೀಸೆಯ ತಳ ಒರೆಸುವಳು, ಬಿರಟೆ ಗಟ್ಟಿಯಾಗಿದೆಯೋ ಎಂದು ತಿರುವಿ ನೋಡುವಳು.

"ಇದೇನು ಬೇ, ಹೀಂಗ ಸುರಿದ್ರ ದಸರಾಕ್ಕ ನನ್ನ ಪಾಳಿ..." ಎಂದು ಸಕ್ಕುಬಾಯಿ ಶುರು ಮಾಡಿದವಳು ಅಲ್ಲಿಗೇ ನಿಂತಳು. ಮರದ ಕೆಳಗೆ ನೋಡಿದಳು. ತಾನು ಬೆನ್ನು ಹಚ್ಚಿದ್ದ ಕದವನ್ನು ನೋಡಿದಳು. ಆಮೇಲೆ ಹಿಂದಿನವಳಿಗೆ, "ಅವಸರ ಮಾಡಬ್ಯಾಡ, ಎಣ್ಣಿ ಚೆಲ್ಲತದ," ಎಂದು ತಾನೇ ಗದರಿದಳು.

ಮಧ್ಯಾಹ್ನ ದಾಟಿತು. ಖಾಲಿಯಾದ ಡಬ್ಬಿಗಳು ಅಂಗಡಿಯ ಒಳಗೆ ಸರಿದವು. ಧರ್ಮಣ್ಣ ಕಟ್ಟೆಯ ಕಂಬಕ್ಕೆ ಒರಗಿ, ಒಮ್ಮೆ ಮರದ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಕಂಬಕ್ಕೆ ಒರಗುತ್ತಿದ್ದ. ಎಣ್ಣೆ ಸಿಕ್ಕ ಹೆಂಗಸರು ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೊತ್ತು. ಯಾರೂ ಹೋಗಿರಲಿಲ್ಲ. ಸೀಸೆಯನ್ನು ಸೆರಗಿನೊಳಗೆ ಹಿಡಿದು ಪಾಳಿಯ ಹಿಂದಕ್ಕೆ ಹೋಗಿ ಮತ್ತೆ ನಿಂತಿದ್ದರು.

ನಾಲ್ಕನೆಯ ಡಬ್ಬಿಯೂ ತೀರಿತು. ಗೌರಾಬಾಯಿ ತಲೆ ಎತ್ತಿದಾಗ ಎದುರಿಗೆ ಸಕ್ಕುಬಾಯಿ ಮತ್ತೆ ನಿಂತಿದ್ದಳು. ಸೆರಗಿನ ಅಂಚಿನಡಿ ಅವಳ ಸೀಸೆ ಕಂಠದವರೆಗೆ ತುಂಬಿತ್ತು. ಅವಳು ಅದನ್ನು ಕೈಯಲ್ಲಿ ಮುಚ್ಚಿಕೊಂಡೇ ಮುಂದೆ ಇಟ್ಟು, "ಹಾಕು," ಎಂದಳು.

ಗೌರಾಬಾಯಿ ಲಾಳಿಕೆ ಇಟ್ಟು ಖಾಲಿ ಡಬ್ಬಿಯನ್ನು ಬಗ್ಗಿಸಿದಳು. ಇಬ್ಬರೂ ಲಾಳಿಕೆಯ ಬಾಯಿಯನ್ನೇ ನೋಡುತ್ತ ನಿಂತರು. ತಗಡು ಕಟ್ಟೆಗೆ ತಾಗಿ ಟೊಳ್ಳು ಸಪ್ಪಳ ಮಾಡಿತು.

ಇಪ್ಪತ್ತು ವರ್ಷ ಎಣ್ಣೆ ಮಾರಿದ ಧರ್ಮಣ್ಣ ಆ ಸಪ್ಪಳಕ್ಕೆ ತಿರುಗಿ ನೋಡಿದ. ಮರದ ಕೆಳಗೆ ಬೀರಣ್ಣನೂ ತಲೆ ಎತ್ತಿದ. ಸಂಜೆಗೆ ಹೊತ್ತು ಇನ್ನೂ ಇತ್ತು. ರಸ್ತೆಯ ಕಡೆಯಿಂದ ಯಾವ ಮಿಲಿಟ್ರಿ ಗಾಡಿಯ ಸದ್ದೂ ಇರಲಿಲ್ಲ.

ಧರ್ಮಣ್ಣ ಕಂಬ ಬಿಟ್ಟು ಅಂಗಡಿಯ ಒಳಗೆ ಹೋದ. ಗೋಡೆಯ ಬದಿಗಿದ್ದ ಖಾಲಿ ಡಬ್ಬಿಯೊಂದನ್ನು ಎರಡೂ ಕೈಯಿಂದ ಅಪ್ಪಿ, ಬೆನ್ನು ಬಗ್ಗಿಸಿ, ತುಂಬಿದ ಡಬ್ಬಿಯ ಭಾರಕ್ಕೆಂಬಂತೆ ತೂಗಾಡುತ್ತ ಹೊರಗೆ ತಂದು, ತುಳುಕದ ಹಾಗೆ ಮೆಲ್ಲಗೆ ಅವಳ ಮುಂದೆ ಇಳಿಸಿದ.

ಗೌರಾಬಾಯಿ ಅದರ ಮುಚ್ಚಳ ತಿರುವತೊಡಗಿದಳು.