ಮೂರು ಸಲ ತೊಳೆದ ಬೀಜ

ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅದರ ಕೆಳಗೆ ಒದ್ದೆ ಗೋಣಿಚೀಲ. ಆಡೂರಿನ ಮುದಕವ್ವ ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದಳು. ಕಟ್ಟಿಟ್ಟು ನಾಲ್ಕು ದಿನವಾಗಿತ್ತು. ಈ ಹೊತ್ತಿಗೆ ಭತ್ತದ ಬೀಜ ಬಿಳಿ ಮೊಳಕೆ ಒಡೆದು ಬೆಚ್ಚಗಿರಬೇಕಿತ್ತು. ಬೊಗಸೆಗೆ ಬಂದದ್ದು ತಣ್ಣನೆಯ ಕಾಳು. ಅಲ್ಲೊಂದು ಇಲ್ಲೊಂದು ಮೊಳಕೆ, ಅಷ್ಟೇ.

“ಶಿವನೇ, ನಾ ಎಲ್ಲಿ ತಪ್ಪಿದೆ?” ಎಂದು ಅವಳು ಅಲ್ಲೇ ಕುಳಿತಳು.

ಅದು ಅಂಗಡಿಯಲ್ಲಿ ಸಿಗುವ ಬೀಜವಲ್ಲ. ಮದುವೆಯಾಗಿ ಬರುವಾಗ ಅವಳ ಅವ್ವ ಉಡಿಯಲ್ಲಿ ಹಾಕಿ ಕಳಿಸಿದ ಕೆಂಪು ಭತ್ತ. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಬೀಜಕ್ಕೆಂದು ತೆಗೆದಿಟ್ಟು ಉಳಿಸಿಕೊಂಡು ಬಂದಿದ್ದಳು. ತವರಿನಲ್ಲಿ ಈಗ ಆ ಭತ್ತವೇ ಇಲ್ಲ. ಇದ್ದ ಒಂದೂವರೆ ಚೀಲದಲ್ಲಿ ಒಂದು ಚೀಲ ಹೀಗಾಯಿತು. ಇನ್ನು ಉಳಿದದ್ದು ಅರ್ಧ ಚೀಲ.

ಗಂಡ ಗೋಣೆಪ್ಪ ಬಂದು ಒಂದು ಹಿಡಿ ತೆಗೆದು ನೋಡಿದ. “ಗ್ವಾಡಿ ಮ್ಯಾಲ ಪಿಚ್ಚರ್ ನೋಡಿ ಒಕ್ಕಲುತನ ಕಲೀತೇನಿ ಅಂದಿ. ಕಲತಿ ನೋಡು!”

“ಅದು ಪಿಚ್ಚರ್ ಅಲ್ರಿ. ಮಾಸೂರಿನ ಖತೀಜಾಬಿ ತನ್ನ ಅಂಗಳದಾಗ ಮಾಡಿ ತೋರಿಸಿದ್ದು. ಆಕಿನೂ ನಮ್ಮಂಗ ಹೊಲದಾಗ ದುಡಿಯೂ ಹೆಣ್ಮಗಳು.”

“ಆಕಿ ಬೀಜ ಅಲ್ಲಿ ಹುಟ್ಟೇತಿ, ನಮ್ಮದು ಇಲ್ಲಿ ಸತ್ತೇತಿ. ನಾಳಿಗೆ ಅಕ್ಕಿಆಲೂರ ಸಂತಿ. ಉಳದ ಅರ್ಧ ಚೀಲ ಗಿರಣಿಗೆ ಹಾಕಿ ಅಕ್ಕಿ ಮಾಡಸ್ತೇನಿ, ಬರೂವಾಗ ಅಂಗಡಿ ಬೀಜ ತರ್ತೇನಿ. ಬಿತ್ತೂ ಹೊತ್ತಿನ ಮಿರಗದ ಮಳಿ ನಿನ್ನ ಸಲುವಾಗಿ ಕಾಯೂದಿಲ್ಲ.”

ಮುದಕವ್ವ ಮತ್ತೆ ಚೀಲದೊಳಗೆ ಕೈಯಾಡಿಸಿದಳು. ಮಹಿಳಾ ಸಂಘದಲ್ಲಿ ಗೋಡೆಯ ಮೇಲೆ ತೋರಿಸಿದ ವಿಡಿಯೊ ಸುಳ್ಳೆನ್ನೋಣವೆಂದರೆ ಅದರಲ್ಲಿ ಖತೀಜಾಬಿಯ ಮೊಳಕೆಗಳನ್ನು ಕಣ್ಣಾರೆ ಕಂಡಿದ್ದಳು. ನಿಜವೆನ್ನೋಣವೆಂದರೆ ಮುಂದೆ ಈ ಚೀಲ.

ಸಂಜೆ ಸಂಘದ ಸವಿತಾ ಬಂದಳು. ಊರೂರಿನ ರೈತ ಮಹಿಳೆಯರ ವಿಡಿಯೊ ತಂದು ಸಂಘದ ಸಭೆಯಲ್ಲಿ ತೋರಿಸುವವಳು ಅವಳೇ. ಬೀಜ ನೋಡಿ ಅವಳೂ ಗಲಿಬಿಲಿಗೊಂಡಳು.

“ಅಕ್ಕಾ, ನೀರಿಗೆ ಉಪ್ಪು ಎಷ್ಟು ಹಾಕಿದ್ರಿ?”

“ಆಲೂಗಡ್ಡಿ ತೇಲೂತನಕ. ಖತೀಜಾಬಿ ಕ್ವಾಳಿ ತತ್ತಿ ತೇಲಿಬಿಟ್ಟಿದ್ಲು. ನಮ್ಮ ಮನ್ಯಾಗ ತತ್ತಿ ನಡಿಯೂದಿಲ್ಲ ಅಂದಿದ್ದಕ್ಕ ಆಲೂಗಡ್ಡಿ ಹೇಳಿದಾಕಿ ನೀನ ಅಲ್ಲೇನ?”

“ಖರೆ. ಆಮ್ಯಾಲ?”

“ಬೀಜ ಸುರುವಿದೆ. ಜೊಳ್ಳು ಮ್ಯಾಲ ಬಂತು, ತಗದೆ. ಗಟ್ಟಿ ಕಾಳು ತಳಕ್ಕ ಕುಂತ್ವು. ಅವನ್ನ ತಗದು ಒಂದ ರಾತ್ರಿ ನೆನಿ ಹಾಕಿ, ದೇವರ ಮುಂದ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಚೀಲದಾಗ ಕಟ್ಟಿದೆ.”

ಎಲ್ಲ ಸರಿಯೇ ಕಂಡಿತು. ಸವಿತಾ ತಲೆ ಕೆರೆದುಕೊಂಡು ಮೊಬೈಲಿನಲ್ಲಿ ಅದೇ ವಿಡಿಯೊ ಹಚ್ಚಿದಳು. ಗೋಣೆಪ್ಪ ಬೇಡದವನಂತೆ ಬಾಗಿಲಲ್ಲಿ ನಿಂತೇ ಇಣುಕಿದ. ಖತೀಜಾಬಿ ಉಪ್ಪು ಕದಡಿದಳು, ಜೊಳ್ಳು ಬಳಿದಳು, ತಳದ ಬೀಜವನ್ನು ತಕ್ಷಣ ಬುಟ್ಟಿಗೆ ಬಸಿದಳು. ಆಮೇಲೆ ಸಿಹಿನೀರಿನಲ್ಲಿ ತೊಳೆಯತೊಡಗಿದಳು. ಒಂದು ಸಲ, ಎರಡು ಸಲ...

“ಇದನ್ನ ಬಿಟ್ಟು ಮುಂದಿಂದು ಹಚ್ಚವ್ವ,” ಎಂದಳು ಮುದಕವ್ವ. “ಇದು ಅವರದು.”

“ಅವರದು ಅಂದ್ರ?” ಎಂದ ಗೋಣೆಪ್ಪ.

“ನಮಾಜಿಗೆ ಮೊದಲ ಅವರು ಕೈ, ಬಾಯಿ ಮೂರು ಮೂರು ಸಲ ತೊಳಕೋತಾರಲ್ರಿ. ಬೀಜಕ್ಕೂ ಹಂಗ ಮಾಡಾಕತ್ತಾಳ ಅಂದ್ಕೊಂಡೆ. ತತ್ತಿ ಬದಲಿ ಆಲೂಗಡ್ಡಿ ನಡೀತು. ಹಂಗ ಆಕಿ ಪದ್ಧತಿ ಬದಲಿ ನಮ್ಮ ಪದ್ಧತಿ ನಡಸಿದೆ. ಅರಿಷಿಣ ಕುಂಕುಮ ಹಚ್ಚಿದ್ದನ್ನ ಮತ್ತ ತೊಳಿಯಾಕ ಬರ್ತೈತೇನು?”

ಸವಿತಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಖತೀಜಾಬಿಗೇ ಫೋನು ಮಾಡಿ ವಿಷಯ ತಿಳಿಸಿದಳು. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು.

“ಯಾ ಅಲ್ಲಾ! ಮುದಕವ್ವಾ, ನಮಾಜು ಮಾಡಾಕಿ ನಾನು. ಬೀಜ ಅಲ್ಲ! ಆ ತೊಳಿಯೂದು ಉಪ್ಪಿನ ಸಲುವಾಗಿ. ಉಪ್ಪು ಮೈಗೆ ಉಳೀತಂದ್ರ ಮೊಳಕಿ ಸಾಯ್ತಾವು.”

“ಅಯ್ಯ ನನ ತಾಯಿ! ಹಂಗಾರ ಪೂಜಿ?”

“ಮೊದಲ ತೊಳಿ, ಆಮ್ಯಾಲ ಪೂಜಿ ಮಾಡು. ನಿನ್ನ ದೇವರು ಬ್ಯಾಡ ಅಂತಾನೇನು?”

ಗೋಣೆಪ್ಪ ನಂಬಲಿಲ್ಲ. ಚೀಲದಿಂದ ಒಂದು ಕಾಳು ತೆಗೆದು ನಾಲಿಗೆಗೆ ಹಚ್ಚಿದ. ಮುಖ ಕಿವುಚಿದ. ಇನ್ನೊಂದು ಕಾಳು ಹಚ್ಚಿ ನೋಡಿದ. ಅದೂ ಉಪ್ಪು.

“ಉಪ್ಪಿನಕಾಯಿ ಹಾಕಿಟ್ಟೀಯಲ್ಲ ಮಾರಾಯ್ತಿ!” ಎಂದ.

ಮಾರನೆಯ ದಿನ ಅವನು ಸಂತೆಗೆ ಹೋಗಲಿಲ್ಲ. “ನಾಕ ದಿನ ಕಾಯ್ತೇನಿ, ಐದನೇದ್ದಕ್ಕ ಗಿರಣಿಗೆ,” ಎಂದು ಗೊಣಗಿದ. ಗೊಣಗುತ್ತಲೇ ಕೊಡ ಎತ್ತಿ ನೀರು ಹೊಯ್ದದ್ದೂ ಅವನೇ. ಉಳಿದ ಅರ್ಧ ಚೀಲದ್ದನ್ನು ಉಪ್ಪುನೀರಿಗೆ ಸುರಿದು ಬಸಿದ ಗಟ್ಟಿ ಬೀಜವನ್ನು ಮುದಕವ್ವ ಸಿಹಿನೀರಿನಲ್ಲಿ ತೊಳೆದಳು. ಪ್ರತಿ ಸಲವೂ ಗಂಡ ಒಂದೊಂದು ಕಾಳು ಬಾಯಿಗಿಟ್ಟು ನೋಡಿದ. ಮೂರನೆಯ ಸಲಕ್ಕೆ “ಸಪ್ಪಗಾತು” ಎಂದ. ಬೀಜವನ್ನು ಒಂದು ರಾತ್ರಿ ನೆನೆಹಾಕಿ, ಅರಿಷಿಣ ಕುಂಕುಮ ಹಚ್ಚಿ, ಒದ್ದೆ ಚೀಲದಲ್ಲಿ ಕಟ್ಟಿ ದೇವರ ಗೂಡಿನ ಕೆಳಗೆ ಇಟ್ಟರು.

ಆದರೂ ಅವಳ ಮನಸ್ಸು ನಿಲ್ಲಲಿಲ್ಲ. ಇದೂ ಹೋದರೆ ಅವ್ವನ ಭತ್ತವೇ ಹೋಯಿತು. ಬಿಚ್ಚಿ ನೋಡಬೇಕೆನಿಸುವುದು. ನೋಡಲು ಭಯವಾಗುವುದು.

ಮೂರನೆಯ ದಿನ ಬೆಳಿಗ್ಗೆ ಚೀಲದೊಳಗೆ ಮೊದಲು ಕೈ ಹಾಕಿದವನು ಗೋಣೆಪ್ಪ.

“ಏ, ಬಾ ಇಲ್ಲಿ. ಬೆಚ್ಚಗೈತಿ.”

ಅವಳು ಓಡಿ ಬಂದಳು. ಚೀಲದ ತುಂಬ ಬಿಳಿ ಮೊಳಕೆ. ಮುದಕವ್ವ ದೇವರಿಗೆ ಕೈ ಮುಗಿದಳು. ಮಾಸೂರು ಯಾವ ದಿಕ್ಕಿಗಿದೆಯೆಂದು ನೆನಪಿಸಿಕೊಂಡು ಅತ್ತಲೂ ಒಮ್ಮೆ ಮುಗಿದಳು.

ಸಸಿಮಡಿಗೆ ಬೀಜ ಚೆಲ್ಲುವ ದಿನ ಸವಿತಾ ಮೊಬೈಲು ಹಿಡಿದು ನಿಂತಳು. ಮುದಕವ್ವ ಮುಚ್ಚುಮರೆಯಿಲ್ಲದೆ ಹೇಳಿದಳು: “ನಾ ತೊಳೀಲಾರ್ದ ಕೆಡಿಸ್ದೆ. ನೀವು ಕೆಡಸಬ್ಯಾಡ್ರಿ.” ಈಗ ಅವಳ ವಿಡಿಯೊ ಸವಣೂರಿನಲ್ಲೂ ಶಿಗ್ಗಾವಿಯಲ್ಲೂ ಹಿರೇಕೆರೂರಿನಲ್ಲೂ ಸಂಘದವರ ಮುಂದೆ ಓಡುತ್ತಿದೆ.

ಅಕ್ಕಂದಿರೇ, ತಾಯಂದಿರೇ, ನಿಮ್ಮ ಸಂಘದಲ್ಲಿ ಇಂಥ ವಿಡಿಯೊ ತೋರಿಸಿದಾಗ ಕೊನೆಯವರೆಗೂ ಕುಳಿತು ನೋಡಿ. ಮನೆಯ ಗಂಡಸರನ್ನೂ ಕರೆತನ್ನಿ. ಅರ್ಥವಾಗದ್ದನ್ನು ನಿಮ್ಮಷ್ಟಕ್ಕೆ ಊಹಿಸಿಕೊಳ್ಳದೆ ಅಲ್ಲೇ ಕೇಳಿ, ಮತ್ತೊಮ್ಮೆ ಹಚ್ಚಿಸಿ ನೋಡಿ. ಹೊಸದನ್ನು ಮೊದಲು ಒಂದು ಹಿಡಿ ಬೀಜದಲ್ಲಿ ಮಾಡಿ ನೋಡಿ, ಆಮೇಲೆ ಚೀಲ ಬಿಚ್ಚಿ. ಗೊಂದಲ ಎಲ್ಲರಿಗೂ ಆಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೇ ಮುದಕವ್ವನ ಅವ್ವನ ಭತ್ತ ಈ ವರ್ಷವೂ ಗದ್ದೆಯಲ್ಲಿದೆ.